ಹೊಳೆ ದಾಟಿಸಿದವರ ಸೀಮೆ

ಪುತ್ತೂರು, ಸುಳ್ಯ, ಕಡಬ ಈಗ ಮೂರು ತಾಲೂಕು. ಮದ್ರಾಸ್ ಪ್ರಾಂತ್ಯದ ಕಾಲದ ಕಾಗದಪತ್ರಗಳಲ್ಲಿ ಈ ನೆಲವೆಲ್ಲ ಉಪ್ಪಿನಂಗಡಿ ತಾಲೂಕು. ಆಮೇಲೆ ಅದು ಪುತ್ತೂರು ತಾಲೂಕಾಯಿತು, ಅದರಿಂದ ಸುಳ್ಯ ಕವಲೊಡೆಯಿತು, 2018ರಲ್ಲಿ ಎರಡರಿಂದಲೂ ಊರುಗಳನ್ನು ಪಡೆದು ಕಡಬ ಬೇರೆ ತಾಲೂಕಾಯಿತು. ಸರಕಾರದ ಗೆರೆಗಳು ಬದಲಾದರೂ ನೀರು ಹಳೆಯ ದಾರಿಯಲ್ಲೇ ಹರಿಯುತ್ತಿದೆ. ಕುಮಾರಪರ್ವತದಿಂದ ಇಳಿಯುವ ಕುಮಾರಧಾರೆ ಸುಬ್ರಹ್ಮಣ್ಯ, ಕಡಬದ ಸೀಮೆಗಳನ್ನು ಬಳಸಿಕೊಂಡು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಸಂಪಾಜೆಯ ಘಟ್ಟದ ಕಡೆಯಿಂದ ಬರುವ ಪಯಸ್ವಿನಿ ಸುಳ್ಯವನ್ನು ಹಾದು, ಕಾಸರಗೋಡಿನ ಕಡೆಗೆ ತಿರುಗಿ, ಚಂದ್ರಗಿರಿ ಹೊಳೆಯಾಗಿ ಕಡಲಿಗೆ ಹೋಗುತ್ತದೆ. ಇವೆರಡರ ನಡುವೆ ಹೆಸರಿರುವ, ಹೆಸರಿಲ್ಲದ ತೋಡುಗಳು ಎಷ್ಟೋ.

ಘಟ್ಟದ ಮೇಲಿನಂತೆ ಇಲ್ಲಿ ಮನೆಗೆ ಮನೆ ತಾಗಿಕೊಂಡ ಹಳ್ಳಿಗಳಿಲ್ಲ. ಗುಡ್ಡೆಯ ಬುಡದಲ್ಲೊಂದು ಬೈಲು, ಬೈಲಿನಲ್ಲೊಂದು ಅಡಿಕೆ ತೋಟ, ತೋಟದ ತಲೆಯಲ್ಲೊಂದು ಮನೆ. ಪಕ್ಕದ ಮನೆ ಬೇಕೆಂದರೆ ಗುಡ್ಡೆ ಹತ್ತಿ ಇಳಿಯಬೇಕು, ಇಲ್ಲವೇ ತೋಡು ದಾಟಬೇಕು. ಆಟಿಯ ಮಳೆಯಲ್ಲಿ ತೋಡು ಕೆಂಪಾಗಿ ತುಂಬಿದರೆ ಬಡವನಾಗಲಿ ಜಮೀನ್ದಾರನಾಗಲಿ ತನ್ನ ಅಂಗಳದಲ್ಲೇ ಬಂದಿ. ಕೋಟೆ, ಅರಮನೆಗಳನ್ನು ಹುಡುಕಿಕೊಂಡು ಬಂದವರಿಗೆ ಈ ಸೀಮೆ ಹೆಚ್ಚೇನೂ ತೋರಿಸುವುದಿಲ್ಲ. ಇಲ್ಲಿ ದೊಡ್ಡವರಾದವರೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಈ ಬಿಡಿಬಿಡಿ ಮನೆಗಳನ್ನು ಒಂದಕ್ಕೊಂದು ಮುಟ್ಟಿಸಿದವರು. ಮಳೆ ಬಿಟ್ಟು ಅಡಿಕೆ ಕೊಯ್ಲು ಶುರುವಾಗುವ ನವೆಂಬರಿನಲ್ಲಿ ಬಸ್ಸು ಹಿಡಿದು ತಿರುಗುವಾಗ ನನ್ನ ಮನಸ್ಸಿನಲ್ಲಿ ಗಟ್ಟಿಯಾಗುತ್ತ ಹೋದ ಮಾತು ಇದು.

ನವೆಂಬರ್ ಎಂದರೆ ಸಹಕಾರಿ ಸಪ್ತಾಹದ ತಿಂಗಳು. ಹದಿನಾಲ್ಕರಿಂದ ಒಂದು ವಾರ ದಕ್ಷಿಣ ಕನ್ನಡದ ಸೊಸೈಟಿಗಳ ಮುಂದೆ ಏಳು ಬಣ್ಣದ ಬಾವುಟ ಹಾರುತ್ತದೆ, ಒಳಗೆ ಮೊಳಹಳ್ಳಿ ಶಿವರಾಯರ ಪಟಕ್ಕೆ ಹೂವಿನ ಹಾರ ಬೀಳುತ್ತದೆ. ಪುತ್ತೂರಿನ ವಕೀಲರಾಗಿದ್ದ ಶಿವರಾಯರು ಹುಟ್ಟಿದ್ದು 1880ರಲ್ಲಿ. ಭಾರತದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಐದೇ ವರ್ಷಕ್ಕೆ, 1909ರಲ್ಲಿ, ಅವರು ಪುತ್ತೂರಿನಲ್ಲಿ ಸಹಕಾರಿ ಸಂಘ ಕಟ್ಟಿದರು. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಕೆಲಸ ಶುರು ಮಾಡಿದ್ದೂ ಜಿಲ್ಲೆಯ ರಾಜಧಾನಿ ಮಂಗಳೂರಿನಲ್ಲಲ್ಲ, ಇದೇ ಪುತ್ತೂರಿನಲ್ಲಿ. ಆಮೇಲೆ ಅದು ಮಂಗಳೂರಿಗೆ ಹೋಯಿತು.

ಆ ಕಾಲದ ರೈತನ ಪಾಡನ್ನು ನೆನೆದರೆ ಮಾತ್ರ ಈ ಕೆಲಸದ ತೂಕ ತಿಳಿಯುತ್ತದೆ. ಅಡಿಕೆ ವರ್ಷಕ್ಕೊಮ್ಮೆ ಕೈಗೆ ಹಣ ಕೊಡುವ ಬೆಳೆ. ಕೊಯ್ದು, ಅಂಗಳದಲ್ಲಿ ಹರಡಿ, ಒಂದೂವರೆ ಎರಡು ತಿಂಗಳು ಬಿಸಿಲಿಗೆ ಒಣಗಿಸಿ, ಸುಲಿದು ಚಾಲಿ ಮಾಡಿದ ಮೇಲೆಯೇ ಮಾರಾಟ. ಖರ್ಚು ಮಾತ್ರ ಆ ಬಿಸಿಲಿಗೆ ಕಾಯುವುದಿಲ್ಲ. ಮಹಾಳಿ ರೋಗ ಬಂದ ವರ್ಷ, ಮಗಳ ಮದುವೆಯ ವರ್ಷ, ಗೇಣಿ ಬಾಕಿಯಾದ ವರ್ಷ ರೈತ ಹೋಗಿ ನಿಲ್ಲುತ್ತಿದ್ದದ್ದು ಸಾಹುಕಾರನ ಜಗಲಿಯಲ್ಲಿ. ಬರುವ ಬೆಳೆ ಮರದಲ್ಲಿರುವಾಗಲೇ ಅವನ ಪಾಲಾಗುತ್ತಿತ್ತು. ಹತ್ತು ಗುಡ್ಡೆಗಳ ಹಿಂದೆ ಒಬ್ಬೊಬ್ಬನೇ ಇದ್ದ ರೈತರನ್ನು ಒಂದು ಲೆಕ್ಕದ ಪುಸ್ತಕದೊಳಗೆ ತಂದು, ನಿಮ್ಮ ಹಣ ನಿಮಗೇ ಸಾಲ ಎಂದು ನಂಬಿಸುವುದು ಸಣ್ಣ ಕೆಲಸವಾಗಿರಲಿಲ್ಲ. ಶಿವರಾಯರು ಹಳ್ಳಿ ಹಳ್ಳಿ ನಡೆದರು. ಕೊಂಬೆಟ್ಟಿನ ಹೈಸ್ಕೂಲಿನ ಹಿಂದೆಯೂ ಅವರ ದುಡಿಮೆ ಇದೆ. ಇವತ್ತು ಪುತ್ತೂರೆಂದರೆ ಹೊರಗಿನವರು ಮೊದಲು ಹೇಳುವುದು ಕಾರಂತರ ಹೆಸರು, ಅದು ಸಹಜವೇ. ಆದರೆ ಈ ಊರಿನ ಬಾಳನ್ನು ಹೆಚ್ಚು ಬದಲಿಸಿದವರು ಯಾರು ಎಂದು ಕೇಳಿದರೆ ನಾನು ಶಿವರಾಯರ ಹೆಸರನ್ನೇ ಹೇಳುತ್ತೇನೆ.

ಸೊಸೈಟಿಯ ಮೆಟ್ಟಿಲಲ್ಲಿ ಕುಳಿತಿದ್ದ ಹಿರಿಯರೊಬ್ಬರನ್ನು ಮಾತಿಗೆಳೆದೆ. ಅವರ ಕೈಯಲ್ಲಿ ಪಾಸ್‌ಬುಕ್ಕು, ಕಾಲಬುಡದಲ್ಲಿ ಗೊಬ್ಬರದ ಚೀಲ.

"ನಮ್ಮ ಅಜ್ಜನ ಕಾಲದಿಂದ್ಲೂ ಇದೇ ಸೊಸೈಟಿ ಮಾರಾಯ್ರೆ. ಪಟದಲ್ಲಿರುವವರನ್ನು ಅಜ್ಜ ನೋಡಿದ್ದರಂತೆ. ನಾವು ಹಾರ ಹಾಕಿದ್ದು ಮಾತ್ರ," ಎಂದರು.

"ಅಜ್ಜ ಏನು ಹೇಳ್ತಿದ್ದರು?"

"ಎಂತ ಹೇಳುವುದು? ಸೊಸೈಟಿ ಇಲ್ಲದಿದ್ರೆ ಈ ತೋಟ ನಮ್ಮದಾಗಿ ಉಳೀತಿರ್ಲಿಲ್ಲ ಅಂತ. ಅಷ್ಟೇ."

ಅಡಿಕೆಯ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. 1970ರ ಸುಮಾರಿಗೆ ಅಡಿಕೆ ಧಾರಣೆ ನೆಲಕಚ್ಚಿತು. ಆಗ ಎದ್ದುನಿಂತವರು ಅಡ್ಯನಡ್ಕದ ಕಡೆಯ ವಾರಣಾಶಿ ಸುಬ್ರಾಯ ಭಟ್ಟರು. ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನು ಸೇರಿಸಿ 1973ರ ಜುಲೈ 11ರಂದು ಕ್ಯಾಂಪ್ಕೊ ಹುಟ್ಟಿತು. 1956ರಲ್ಲಿ ರಾಜ್ಯಗಳ ಗಡಿ ಬಿದ್ದಾಗ ಕಾಸರಗೋಡಿನ ಕನ್ನಡಿಗ ಬೆಳೆಗಾರ ಆಚೆಯವನಾದ. ಅವನ ಅಡಿಕೆಯನ್ನೂ ಪುತ್ತೂರಿನವನ ಅಡಿಕೆಯನ್ನೂ ಒಂದೇ ತಕ್ಕಡಿಗೆ ತಂದದ್ದು ಈ ಸಂಸ್ಥೆ. ತೋಟದ ನಡುವೆ ಉಪಬೆಳೆಯಾಗಿ ಕೊಕ್ಕೊ ಹಾಕಿದವರು ಎಪ್ಪತ್ತರ ದಶಕದ ಕೊನೆಗೆ ಕೊಳ್ಳುವವರಿಲ್ಲದೆ ಕಂಗಾಲಾದಾಗಲೂ ಕ್ಯಾಂಪ್ಕೊ ಖರೀದಿಗೆ ಇಳಿಯಿತು. ಖರೀದಿಸಿದ್ದನ್ನು ಏನು ಮಾಡುವುದು ಎಂಬ ಪ್ರಶ್ನೆಗೆ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಎದ್ದ ಚಾಕೊಲೇಟ್ ಕಾರ್ಖಾನೆಯೇ ಉತ್ತರ. ರೈತರದೇ ಆದ ಚಾಕೊಲೇಟ್ ಕಾರ್ಖಾನೆಯೊಂದು ಮಲೆನಾಡಿನ ಬುಡದಲ್ಲಿ ನಡೆಯುತ್ತಿದೆ ಎಂಬುದನ್ನು ಪುತ್ತೂರಿನವರು ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಿಕೊಳ್ಳಬೇಕು ಎಂದು ನನಗೆ ಅನಿಸುತ್ತದೆ.

ಪರ್ಲಡ್ಕದ ಗುಡ್ಡೆಯ ಮೇಲಿನ ಬಾಲವನಕ್ಕೆ ಹೋದದ್ದು ಮಧ್ಯಾಹ್ನ. ಮರಗಳ ನಡುವೆ ಕಾರಂತರ ಮನೆ, ನಾಟ್ಯಶಾಲೆ, ಈಜುಕೊಳ. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಬದುಕಿನ ಸುಮಾರು ನಾಲ್ಕು ದಶಕಗಳನ್ನು ಪುತ್ತೂರಿನಲ್ಲಿ ಕಳೆದರು. ಕಾದಂಬರಿ, ಯಕ್ಷಗಾನ, ಜ್ಞಾನಪೀಠ ಎಲ್ಲರಿಗೂ ಗೊತ್ತು. ಬಾಲವನದಲ್ಲಿ ನಿಂತಾಗ ನನಗೆ ಹೆಚ್ಚು ಮುಖ್ಯವೆನಿಸಿದ್ದು 'ಬಾಲ ಪ್ರಪಂಚ'. ಮಕ್ಕಳಿಗಾಗಿ ಕನ್ನಡದಲ್ಲಿ ವಿಶ್ವಕೋಶ ಬೇಕೆಂದು ಯಾವ ವಿಶ್ವವಿದ್ಯಾಲಯವೂ ಹೇಳದಿದ್ದ ಕಾಲದಲ್ಲಿ, ಮೂವತ್ತರ ದಶಕದಲ್ಲಿ, ಒಬ್ಬರೇ ಕುಳಿತು ಮೂರು ಸಂಪುಟ ಬರೆದರು. ಆಮೇಲೆ ವಿಜ್ಞಾನ ಪ್ರಪಂಚ. ಹೈಸ್ಕೂಲಿಗೆ ಹೋಗಲು ಎರಡು ಹೊಳೆ ದಾಟಬೇಕಾಗಿದ್ದ ಊರುಗಳ ಮಕ್ಕಳ ನಡುವೆ ಇದ್ದುಕೊಂಡು ನಕ್ಷತ್ರ, ಸಮುದ್ರ, ಯಂತ್ರಗಳ ವಿಷಯ ಕನ್ನಡದಲ್ಲಿ ಬರೆದವರು ಅವರು.

'ಚೋಮನ ದುಡಿ' ಬಂದದ್ದು 1933ರಲ್ಲಿ. ತನ್ನದೊಂದು ಗದ್ದೆಯನ್ನು ಉಳಬೇಕೆಂಬ ಹೊಲೆಯರ ಚೋಮನ ಆಸೆ ಈಡೇರದೆ ಹೋಗುವ ಕಥೆ. ಮರುವರ್ಷ, 1934ರ ಫೆಬ್ರವರಿಯಲ್ಲಿ, ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಕೊಡಗಿನಿಂದ ಇಳಿದು ಸುಳ್ಯ, ಪುತ್ತೂರು ಮಾರ್ಗವಾಗಿ ಮಂಗಳೂರಿಗೆ ಹೋದರು. ಪುತ್ತೂರಿನ ಬಸ್ ನಿಲ್ದಾಣದ ಹತ್ತಿರ ಅಶ್ವತ್ಥ ಮರದ ಬುಡದ ಗಾಂಧಿಕಟ್ಟೆ ಆ ಭೇಟಿಯ ಗುರುತು. ದಿನವೂ ಸಾವಿರಾರು ಜನ ಅದನ್ನು ದಾಟಿ ಬಸ್ಸಿಗೆ ಓಡುತ್ತಾರೆ. ಒಂದೇ ಪ್ರಶ್ನೆಯನ್ನು ಒಬ್ಬರು ಕಾದಂಬರಿಯಲ್ಲಿ, ಇನ್ನೊಬ್ಬರು ಬೀದಿಯಲ್ಲಿ ಎತ್ತಿದ್ದು ಇದೇ ಊರಿನಲ್ಲಿ, ಒಂದು ವರ್ಷದ ಅಂತರದಲ್ಲಿ. ಕಟ್ಟೆಯ ಬಳಿ ಬಾಲವನದ ದಾರಿ ತೋರಿಸುವ ಒಂದು ಫಲಕವಿದ್ದರೆ ಒಳ್ಳೆಯದು.

ಪುತ್ತೂರಿನ ಬೊಳುವಾರು ಇವತ್ತು ಪೇಟೆಯೊಳಗೇ ಸೇರಿಹೋದ ಜಾಗ. ಅಲ್ಲಿ ಹುಟ್ಟಿದ ಬೊಳುವಾರು ಮಹಮದ್ ಕುಂಞಿ ತಮ್ಮ ಕಥೆಗಳಿಗಾಗಿ ಮುತ್ತುಪ್ಪಾಡಿ ಎಂಬ ಊರನ್ನೇ ಕಟ್ಟಿದರು. ಕನ್ನಡದ ಓದುಗರು ಕರಾವಳಿಯ ಮುಸ್ಲಿಮರ ಮನೆಯ ಒಳಜಗಲಿಗೆ ಮೊದಲ ಬಾರಿ ಸಲುಗೆಯಿಂದ ಹೋದದ್ದು ಮುತ್ತುಪ್ಪಾಡಿಯ ದಾರಿಯಲ್ಲಿ. 'ಸ್ವಾತಂತ್ರ್ಯದ ಓಟ'ಕ್ಕೆ 2016ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಹಾಲಿಂಗೇಶ್ವರನ ಜಾತ್ರೆಯ ಗದ್ದೆ, ಚರ್ಚಿನ ಗಂಟೆ, ಬೊಳುವಾರಿನ ಬೀದಿ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿರುವ ಊರಿಗೆ ಇಂಥ ಲೇಖಕ ಬೇಕಿತ್ತು.

ಪುತ್ತೂರಿನಿಂದ ಕುಂಬ್ರದ ಕಡೆ ಹೊರಟ ಬಸ್ಸು ಒಂದಾದ ಮೇಲೊಂದು ತಿರುವು ತೆಗೆದುಕೊಳ್ಳುತ್ತದೆ. ಬಲಕ್ಕೆ ಒಳಹೋದರೆ ಬಡಗನ್ನೂರು ಗ್ರಾಮದ ಪಡುಮಲೆ, ಕೋಟಿ ಚೆನ್ನಯರ ಹುಟ್ಟೂರು. ಪಡುಮಲೆಯ ಪೆರುಮಳೆ ಬಲ್ಲಾಳನ ಕಾಲಿಗೆ ಮುಳ್ಳು ನಾಟಿ ಯಾರ ಮದ್ದಿಗೂ ವಾಸಿಯಾಗದಿದ್ದಾಗ, ತುಂಬು ಗರ್ಭಿಣಿ ದೇಯಿ ಬೈದ್ಯೆತಿ ಬಂದು ವಾಸಿ ಮಾಡಿದಳು ಎನ್ನುತ್ತದೆ ತುಳುವಿನ ಹಾಡುಕಥೆ, ಪಾಡ್ದನ. ಅವಳ ಅವಳಿ ಮಕ್ಕಳು ಕೋಟಿ, ಚೆನ್ನಯ. ಗೆಜ್ಜೆಗಿರಿ ನಂದನಬಿತ್ತಿಲಿನಲ್ಲಿ ಈಗ ದೊಡ್ಡ ಕ್ಷೇತ್ರವೇ ಎದ್ದಿದೆ. ಮುಡಿಪಿನಡ್ಕದಲ್ಲಿ ದೇಯಿಯ ಹೆಸರಿನ ಔಷಧಿವನವಿದೆ. ಮಕ್ಕಳ ಗರಡಿಗಳು ತುಳುನಾಡಿನ ತುಂಬ ಇರುವಾಗ, ತಾಯಿಯ ನೆನಪಿಗೆ ಮದ್ದಿನ ಗಿಡಗಳನ್ನು ನೆಟ್ಟದ್ದು ನನಗೆ ಬಹಳ ಸರಿಯೆನಿಸಿತು. ಅವಳ ವಿದ್ಯೆ ಇದ್ದದ್ದು ಅಲ್ಲಿಯೇ.

ಅವಳಿಗಳು ಬಲ್ಲಾಳನ ಅನ್ಯಾಯಕ್ಕೆ ತಲೆಬಾಗದೆ ಪಡುಮಲೆ ಬಿಟ್ಟರು, ಪಂಜದ ಸೆರೆಯನ್ನು ಮುರಿದು ಎಣ್ಮೂರಿಗೆ ಹೋದರು, ಅಲ್ಲಿಯ ಬಲ್ಲಾಳನ ಆಶ್ರಯ ಪಡೆದರು, ಅಲ್ಲೇ ಯುದ್ಧದಲ್ಲಿ ಮಡಿದರು. ಬೆಳ್ಳಾರೆಯಿಂದ ನಿಂತಿಕಲ್ಲು ದಾರಿಯಾಗಿ ಎಣ್ಮೂರಿನ ಆದಿಗರಡಿಗೆ ಹೋಗುವಾಗ ಪಾಡ್ದನದ ಭೂಪಟವನ್ನೇ ಬಸ್ಸಿನ ಕಿಟಕಿಯಿಂದ ನೋಡಿದಂತಾಗುತ್ತದೆ. ಪಡುಮಲೆಯಿಂದ ಎಣ್ಮೂರಿಗೆ ಬಸ್ಸಿನಲ್ಲಿ ಅರ್ಧ ಬೆಳಿಗ್ಗೆ ಸಾಕು. ಆದರೂ ಅಂದು ಅದು ಬೇರೆ ಬಲ್ಲಾಳನ ಸೀಮೆ, ಬೇರೆ ನ್ಯಾಯ. ಇಷ್ಟು ಚಿಕ್ಕ ನೆಲದಲ್ಲಿ ಇಷ್ಟು ಗಡಿಗಳಿದ್ದವು. ಊರಿನಿಂದ ಹೊರದಬ್ಬಿಸಿಕೊಂಡ ಇಬ್ಬರು ಹುಡುಗರನ್ನು ಇವತ್ತು ಆ ಎಲ್ಲ ಗಡಿಗಳ ಆಚೀಚೆಯೂ ಜನ ಕೈಮುಗಿದು ಕರೆಯುತ್ತಾರೆ.

ಬೆಳ್ಳಾರೆ ಸಣ್ಣ ಪೇಟೆ. ಅದರ ಬಂಗ್ಲೆಗುಡ್ಡೆಯಲ್ಲಿ ಇಂಗ್ಲಿಷರ ಖಜಾನೆ ಇತ್ತು. 1837ರ ಮಾರ್ಚ್ 30ರಂದು ಕೆದಂಬಾಡಿ ರಾಮಯ್ಯ ಗೌಡರ ಮುಂದಾಳ್ತನದಲ್ಲಿ ಸುಳ್ಯ ಸೀಮೆಯ ರೈತರು ಆ ಖಜಾನೆಯನ್ನು ವಶಪಡಿಸಿಕೊಂಡರು. ಮೀರತ್ತಿನ ಸಿಪಾಯಿಗಳು ದಂಗೆಯೇಳಲು ಇನ್ನೂ ಇಪ್ಪತ್ತು ವರ್ಷ ಇತ್ತು.

ಕಾರಣ ಸರಳವಾಗಿತ್ತು, ಅದಕ್ಕೇ ಆಳವಾಗಿತ್ತು. ಅಮರ ಸುಳ್ಯದ ಮಾಗಣೆಗಳು ಕೊಡಗಿನ ಅರಸರ ಕೆಳಗಿದ್ದಾಗ ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದರು. 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಅರಸ ಚಿಕ್ಕವೀರ ರಾಜೇಂದ್ರನನ್ನು ಇಳಿಸಿ ಕೊಡಗನ್ನು ಕೈವಶ ಮಾಡಿಕೊಂಡಿತು; ಸುಳ್ಯ, ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಂದ ಮುಂದೆ ಕಂದಾಯ ನಗದಾಗಿಯೇ ಬೇಕು. ಹಣವೇ ಓಡಾಡದ ಕಾಡಿನಂಚಿನಲ್ಲಿ ನಗದು ಬೇಕೆಂದರೆ ರೈತ ವ್ಯಾಪಾರಿಯ ಬಳಿ ಹೋಗಬೇಕು, ಅವನು ಹೇಳಿದ ಕ್ರಯಕ್ಕೆ ಭತ್ತ ಅಳೆಯಬೇಕು. ಅದರ ಮೇಲೆ ಉಪ್ಪು, ಹೊಗೆಸೊಪ್ಪಿನ ಏಕಸ್ವಾಮ್ಯ. ಎಪ್ಪತ್ತೆರಡು ವರ್ಷಗಳ ಬಳಿಕ ಮೊಳಹಳ್ಳಿ ಶಿವರಾಯರು ಸಂಘ ಕಟ್ಟಿ ಎದುರಿಸಿದ್ದು ಇದೇ ಕಷ್ಟದ ಮರಿಮಕ್ಕಳನ್ನು.

ಕೊಡಗಿನ ಶನಿವಾರಸಂತೆ ಕಡೆಯ ಪುಟ್ಟಬಸಪ್ಪನನ್ನು ಕೊಡಗಿನ ಅರಸು ಮನೆತನದ ಕಲ್ಯಾಣಸ್ವಾಮಿಯೆಂದು ಮುಂದಿಟ್ಟುಕೊಂಡು ದಂಡು ಪುತ್ತೂರು, ಪಾಣೆಮಂಗಳೂರು, ಬಂಟ್ವಾಳ ದಾರಿಯಾಗಿ ಮಂಗಳೂರಿಗೆ ನಡೆಯಿತು. ಏಪ್ರಿಲ್ 5ರಂದು ಬಾವುಟಗುಡ್ಡೆಯಲ್ಲಿ ಇಂಗ್ಲಿಷರ ಬಾವುಟ ಇಳಿದು ಇವರ ಬಾವುಟ ಏರಿತು. ಹದಿಮೂರು ದಿನ ಮಂಗಳೂರು ರೈತರ ಕೈಯಲ್ಲಿತ್ತು. ಹೊರಗಿನಿಂದ ಕಂಪೆನಿಯ ಪಡೆ ಬಂದಿಳಿದ ಮೇಲೆ ಎಲ್ಲ ಮುಗಿಯಿತು. ಪುಟ್ಟಬಸಪ್ಪನನ್ನೂ ದಂಡಿನ ಜೊತೆಗೂಡಿದ್ದ ಲಕ್ಷ್ಮಪ್ಪ ಬಂಗರಸನನ್ನೂ ಮಂಗಳೂರಿನಲ್ಲಿ ಗಲ್ಲಿಗೇರಿಸಿದರು. ಇನ್ನೊಬ್ಬ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ.

ಬಹುಕಾಲ ಕರಾವಳಿಯ ಪೇಟೆಗಳಲ್ಲಿ ಇದನ್ನು 'ಕಲ್ಯಾಣಪ್ಪನ ಕಾಟಕಾಯಿ' ಎಂದು, ಲೂಟಿಕೋರರು ಬಂದುಹೋದ ಕಥೆಯಾಗಿ ಹೇಳುತ್ತಿದ್ದರು. ಕಂಪೆನಿಯ ದಾಖಲೆ ಹೇಳಿದ್ದನ್ನೇ ಪೇಟೆ ನಂಬಿತ್ತು. ಸುಳ್ಯದ ಮನೆಗಳ ನೆನಪು ಬೇರೆಯಾಗಿತ್ತು. ಸಂಪಾಜೆಯ ಎನ್.ಎಸ್. ದೇವಿಪ್ರಸಾದರು ಆ ನೆನಪುಗಳನ್ನೂ ದಾಖಲೆಗಳನ್ನೂ ಹುಡುಕಿ ಪುಸ್ತಕ ಮಾಡಿದರು. 2022ರ ನವೆಂಬರಿನಲ್ಲಿ ಬಾವುಟಗುಡ್ಡೆಯಲ್ಲೇ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತಿತು. ಪ್ರತಿಮೆ ಬೇಕಿತ್ತು, ಬಂತು. ಬಂಗ್ಲೆಗುಡ್ಡೆಯ ಮೇಲೆ ನಿಂತಾಗ ಇನ್ನೊಂದು ಆಸೆ ಹುಟ್ಟಿತು: ಅಂದು ನಡೆದು ಹೋದ ಸಾಮಾನ್ಯ ಒಕ್ಕಲುಗಳ, ಬಂಟರ, ಬಿಲ್ಲವರ, ಬ್ರಾಹ್ಮಣರ, ಮುಸ್ಲಿಮರ, ದಲಿತರ ಮನೆಗಳಲ್ಲಿ ಉಳಿದಿರಬಹುದಾದ ಕಥೆಗಳನ್ನು ಸುಳ್ಯದ ಕಾಲೇಜುಗಳ ಹುಡುಗ ಹುಡುಗಿಯರು ಈಗಲೇ ಕೇಳಿ ಬರೆದಿಡಬೇಕು. ಅಜ್ಜಿಯಂದಿರು ಇರುವಾಗಲೇ ಇದು ಆಗಬೇಕು. ಅರೆಭಾಷೆಯಲ್ಲಿ ಹೇಳಿದ್ದನ್ನು ಅರೆಭಾಷೆಯಲ್ಲೇ ಬರೆದುಕೊಂಡರೆ ಇನ್ನೂ ಒಳ್ಳೆಯದು.

ಸುಳ್ಯದಲ್ಲಿ ಕಾಲೇಜುಗಳಿಗೆ ಕೊರತೆಯಿಲ್ಲ, ಅದಕ್ಕೆ ಕಾರಣ ಕುರುಂಜಿ ವೆಂಕಟ್ರಮಣ ಗೌಡರು. 1928ರಲ್ಲಿ ರೈತ ಕುಟುಂಬದಲ್ಲಿ ಹುಟ್ಟಿ 2013ರಲ್ಲಿ ತೀರಿಕೊಂಡ ಅವರು 1976ರಲ್ಲಿ ನೆಹರೂ ಮೆಮೋರಿಯಲ್ ಕಾಲೇಜಿನಿಂದ ಶುರುಮಾಡಿ ಇಂಜಿನಿಯರಿಂಗ್, ಆಯುರ್ವೇದ, ದಂತವೈದ್ಯ, ವೈದ್ಯಕೀಯ ಕಾಲೇಜುಗಳವರೆಗೆ ಕಟ್ಟಿದರು. ಪಿಯುಸಿ ಆದಮೇಲೆ ಪುತ್ತೂರಿಗೋ ಮಂಗಳೂರಿಗೋ ಹೋಗಲಾರದೆ ಓದು ನಿಲ್ಲಿಸುತ್ತಿದ್ದ ಹುಡುಗಿಯರ ಲೆಕ್ಕ ಯಾರೂ ಇಟ್ಟಿರಲಿಲ್ಲ. ಅವರ ಮಕ್ಕಳು ಇಂದು ಮನೆಯಿಂದಲೇ ಬಸ್ಸು ಹತ್ತಿ ಪದವಿ ಮುಗಿಸುತ್ತಾರೆ.

ಪೇಟೆ ದಾಟಿ ಮಡಿಕೇರಿ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಅರಂಬೂರು. ಪಯಸ್ವಿನಿಯ ಮೇಲೆ 1989ರಲ್ಲಿ ಇಲ್ಲಿ ಗಿರೀಶ್ ಭಾರದ್ವಾಜರು ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಮಂಡ್ಯದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಊರಿಗೆ ಬಂದು ವರ್ಕ್‌ಶಾಪ್ ನಡೆಸುತ್ತಿದ್ದವರನ್ನು ಹೊಳೆಯಾಚೆಯ ಜನ ಬಂದು ಕೇಳಿದರು: ಇಂಜಿನಿಯರ್ ಅಲ್ಲವೇ, ನಮಗೊಂದು ಸೇತುವೆ ಮಾಡಿಕೊಡಿ ಎಂದು. ಸೇತುವೆ ಕಟ್ಟಿ ಗೊತ್ತಿರಲಿಲ್ಲ. ಪುಸ್ತಕ ಓದಿ ಲೆಕ್ಕ ಹಾಕಿದರು, ಊರವರು ಮೈಮುರಿದು ದುಡಿದರು. ಕೆಲಸದ ತತ್ವ ಕಷ್ಟದ್ದಲ್ಲ: ಎರಡೂ ದಡದಲ್ಲಿ ಗಟ್ಟಿ ಕಂಬ, ಕಂಬಗಳ ಮೇಲಿಂದ ಹಾದು ನೆಲದಲ್ಲಿ ಬಿಗಿದ ಉಕ್ಕಿನ ಹಗ್ಗ, ಹಗ್ಗಕ್ಕೆ ತೂಗುಬಿದ್ದ ಸರಳುಗಳು, ಸರಳುಗಳ ಮೇಲೆ ನಡೆಯುವ ಹಲಗೆ. ಹೊಳೆಯ ನಡುವೆ ಕಂಬವೇ ಬೇಡ, ಹಾಗಾಗಿ ನೆರೆ ಬಂದು ಬಡಿಯಲು ಏನೂ ಇಲ್ಲ. ಜನ, ಸೈಕಲ್ಲು, ತಲೆಹೊರೆ ಹೋದರೆ ಸಾಕು. ಕಾಂಕ್ರೀಟಿನ ಸೇತುವೆಯ ಖರ್ಚಿನ ಸಣ್ಣ ಪಾಲಿನಲ್ಲಿ ಕೆಲವೇ ತಿಂಗಳಲ್ಲಿ ಕೆಲಸ ಮುಗಿಯುತ್ತದೆ.

ಆಮೇಲೆ ಕರ್ನಾಟಕ, ಕೇರಳ, ತೆಲಂಗಾಣ, ಒಡಿಶಾಗಳ ಮೂಲೆಮೂಲೆಗಳಲ್ಲಿ ಅವರು ನೂರಕ್ಕೂ ಮಿಕ್ಕಿ ಇಂಥ ಸೇತುವೆಗಳನ್ನು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಅಂಥ ಸೇತುವೆಯ ಮೇಲೆ ಕಾಲಿಟ್ಟರೆ ಮೊದಲು ಅದು ಜೋಕಾಲಿಯಂತೆ ಮೆಲ್ಲಗೆ ತೂಗುತ್ತದೆ, ನಡುಹೊಳೆಗೆ ಬರುವ ಹೊತ್ತಿಗೆ ಕಾಲು ಅದರ ತಾಳ ಕಲಿತಿರುತ್ತದೆ. ಎದುರಿನಿಂದ ಶಾಲೆಯ ಚೀಲ ಹೊತ್ತ ಮಕ್ಕಳು ಬಂದರೆ ಒಂದು ಬದಿಗೆ ಸರಿದು ನಿಲ್ಲಬೇಕು, ಅವರು ನಿಲ್ಲುವುದಿಲ್ಲ.

ಅರಂತೋಡು, ತೊಡಿಕಾನ, ಸಂಪಾಜೆಯ ಕಡೆ ಈ ಸಲ ನೋಡಿದ್ದು ನೋವಿನ ನೋಟ. ಹಳದಿ ರೋಗ ಬಂದ ಅಡಿಕೆ ತೋಟಗಳು. ಸೋಗೆ ಹಳದಿಯಾಗಿ, ಗೊನೆ ಚಿಕ್ಕದಾಗಿ, ಕೊನೆಗೆ ತಲೆಯೇ ಇಲ್ಲದ ಕಂಬಗಳಾಗಿ ನಿಲ್ಲುತ್ತವೆ. ಇದಕ್ಕೆ ಇನ್ನೂ ಮದ್ದಿಲ್ಲ. ಈ ತೋಟಗಳ ಮೇಲೆಯೇ ಸೊಸೈಟಿ, ಶಾಲೆ, ಮದುವೆ, ಜಾತ್ರೆ ಎಲ್ಲ ನಿಂತಿದ್ದವು. ಅಡಿಕೆ ಕಡಿದು ರಬ್ಬರ್ ಹಾಕಿದವರಿದ್ದಾರೆ, ತಾಳೆ ಹಾಕಿ ನೋಡಿದವರಿದ್ದಾರೆ, ಮಕ್ಕಳನ್ನು ಬೆಂಗಳೂರಿಗೆ ಕಳಿಸಿ ಸುಮ್ಮನಾದವರಿದ್ದಾರೆ. ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನದ ಬಳಿಯ ಮತ್ಸ್ಯತೀರ್ಥದಲ್ಲಿ ದೇವರ ಮೀನುಗಳು ಯಾರ ಭಯವೂ ಇಲ್ಲದೆ ಕೈಗೆ ತಾಗುವಷ್ಟು ಹತ್ತಿರ ಬರುತ್ತವೆ. ಅವುಗಳಿಗೆ ಅಕ್ಕಿ ಹಾಕುತ್ತಿದ್ದ ಕೃಷಿಕರೊಬ್ಬರು ಮಾತಿನ ನಡುವೆ ತಮ್ಮ ತೋಟದ ವಿಷಯ ಬಂದಾಗ ಮಾತು ಬದಲಿಸಿದರು.

ರಬ್ಬರಿನ ಮಾತು ಬಂದಾಗ ಇನ್ನೊಂದು ಜನಸಮುದಾಯವನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದ ಚಹಾ ತೋಟಗಳಿಂದ ಮರಳಿದ ತಮಿಳರಲ್ಲಿ ಒಂದಷ್ಟು ಕುಟುಂಬಗಳನ್ನು ಸರಕಾರ ಸುಳ್ಯ, ಪುತ್ತೂರು ಸೀಮೆಯಲ್ಲಿ ನೆಲೆಗೊಳಿಸಿ, ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟಿತು. ನಸುಕಿನಲ್ಲಿ ತಲೆಗೆ ದೀಪ ಕಟ್ಟಿ ಮರ ಕೆತ್ತುವ ಆ ಹೆಣ್ಣುಮಕ್ಕಳ ಮೊಮ್ಮಕ್ಕಳು ಇಂದು ಮನೆಯಲ್ಲಿ ತಮಿಳು, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮಾತಾಡುತ್ತಾರೆ. ಕಡಲು ದಾಟಿ ಹೋಗಿ, ಮತ್ತೆ ಕಡಲು ದಾಟಿ ಬಂದವರು. ಸುಳ್ಯದ ಚರಿತ್ರೆಯ ಪುಸ್ತಕಗಳಲ್ಲಿ ಇವರಿಗೆ ಒಂದು ಅಧ್ಯಾಯ ಸಲ್ಲಬೇಕು.

ಗುತ್ತಿಗಾರು ದಾಟಿ ಸುಬ್ರಹ್ಮಣ್ಯಕ್ಕೆ ಬಂದಾಗ ಚಂಪಾಷಷ್ಠಿಯ ಸಿದ್ಧತೆ ನಡೆದಿತ್ತು. ದೇವಸ್ಥಾನದ ದೊಡ್ಡ ರಥವನ್ನು ಕಟ್ಟುವವರು ಮಲೆಕುಡಿಯರು. ಕಾಡಿನಿಂದ ಬಿದಿರು, ಬೆತ್ತ ತಂದು ತಲೆತಲಾಂತರದಿಂದ ಬಂದ ಕೈಲೆಕ್ಕದಲ್ಲೇ ರಥದ ಮೇಲಿನ ಅಟ್ಟೆಗಳನ್ನು ಕಟ್ಟುತ್ತಾರೆ. ಆ ಬೆತ್ತ ಸಿಗುವ ಕಾಡು ಅವರಿಗೆ ಬಾಯಿಪಾಠ. ಲಕ್ಷ ಜನ ಹಗ್ಗ ಹಿಡಿದು ಎಳೆಯುವ ರಥವನ್ನು ನಿಲ್ಲಿಸಿದ ಕೈಗಳನ್ನು ನೋಡಬೇಕೆಂದರೆ ಷಷ್ಠಿಗೆ ನಾಲ್ಕು ದಿನ ಮೊದಲೇ ಬರಬೇಕು.

ಸುಬ್ರಹ್ಮಣ್ಯದ ಪಕ್ಕದ ಕುಳ್ಕುಂದ ಒಂದು ಕಾಲದಲ್ಲಿ ದನದ ಜಾತ್ರೆಗೆ ಹೆಸರಾಗಿತ್ತು. ಘಟ್ಟದ ಮೇಲಿನ ಎತ್ತುಗಳು ಇಲ್ಲಿಗೆ ಇಳಿಯುತ್ತಿದ್ದವು. ನಿರಂಜನರು, ಅಂದರೆ ಕುಳ್ಕುಂದ ಶಿವರಾಯರು, 1924ರಲ್ಲಿ ಹುಟ್ಟಿದ್ದು ಇಲ್ಲಿ. ಬೆಳ್ಳಾರೆಯ ಆ ದಂಡಯಾತ್ರೆಯನ್ನು 'ಕಲ್ಯಾಣಸ್ವಾಮಿ' ಕಾದಂಬರಿಯಾಗಿ ಬರೆದವರು ಇವರೇ; 1943ರಲ್ಲಿ ಗಲ್ಲಿಗೇರಿದ ಕಯ್ಯೂರಿನ ರೈತರ ಬಗ್ಗೆ 'ಚಿರಸ್ಮರಣೆ' ಬರೆದವರೂ ಇವರೇ. ಮುಂದೆ ಇವರ ಸಂಪಾದಕತ್ವದಲ್ಲಿ 'ಜ್ಞಾನಗಂಗೋತ್ರಿ' ಏಳು ಸಂಪುಟಗಳಲ್ಲಿ ಬಂತು. ಕನ್ನಡದ ಮಕ್ಕಳಿಗೆ ದೊರೆತ ಎರಡು ದೊಡ್ಡ ವಿಶ್ವಕೋಶಗಳಲ್ಲಿ ಒಂದು ಪುತ್ತೂರಿನ ಗುಡ್ಡೆಯ ಮೇಲಿದ್ದವರದು, ಇನ್ನೊಂದು ಕುಳ್ಕುಂದದಲ್ಲಿ ಹುಟ್ಟಿದವರದು. ಕಾಡಿನಂಚಿನ ಈ ಸೀಮೆಗೆ ದೂರದ ಲೋಕವನ್ನು ಮಕ್ಕಳ ಮುಂದೆ ತಂದಿಡಬೇಕೆಂಬ ತವಕ ಇದ್ದದ್ದು ಆಕಸ್ಮಿಕ ಎಂದು ನನಗೆ ಅನಿಸುವುದಿಲ್ಲ.

ಇದೇ ಸೀಮೆಯಲ್ಲಿ ಕಾರಂತರ 'ಬೆಟ್ಟದ ಜೀವ' ನಡೆಯುತ್ತದೆ. 1943ರ ಆ ಕಾದಂಬರಿಯ ನಿರೂಪಕ ಸುಬ್ರಹ್ಮಣ್ಯದ ಕಾಡಿನಲ್ಲಿ ದಾರಿ ತಪ್ಪುತ್ತಾನೆ. ದೇರಣ್ಣ, ಬಟ್ಯ ಎಂಬ ಇಬ್ಬರು ಅವನನ್ನು ಕೆಳಬೈಲಿನ ಗೋಪಾಲಯ್ಯನ ಮನೆಗೆ ಮುಟ್ಟಿಸುತ್ತಾರೆ. ಗುರುತಿಲ್ಲದವನಿಗೆ ಬಿಸಿನೀರು, ಊಟ, ಮಾತು. ಓದಿದವರು ಗೋಪಾಲಯ್ಯನನ್ನು, ಮಗ ಶಂಭುವಿಗಾಗಿ ಕಾಯುವ ಶಂಕರಮ್ಮನನ್ನು ನೆನಪಿಟ್ಟುಕೊಳ್ಳುತ್ತಾರೆ. ನನಗೆ ಆ ಇಬ್ಬರು ದಾರಿತೋರುಗರ ಮೇಲೆ ವಿಶೇಷ ಪ್ರೀತಿ. ಅವರಿಲ್ಲದಿದ್ದರೆ ಕಾದಂಬರಿಯೇ ಇಲ್ಲ.

ಕಡಬಕ್ಕೆ ಬರುವಾಗ ಬಿಳಿನೆಲೆಯ ನೆಟ್ಟಣದಲ್ಲಿ ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣ ಸಿಗುತ್ತದೆ. 1979ರಲ್ಲಿ ಮಂಗಳೂರು–ಹಾಸನ ರೈಲು ಘಟ್ಟವನ್ನು ಕೊರೆದು ಬಂದದ್ದು ಇಲ್ಲಿಗೆ. ತಾಲೂಕಿನ ಇನ್ನೊಂದು ತುದಿಯ ರಾಮಕುಂಜ ಪೇಜಾವರ ಮಠದ ವಿಶ್ವೇಶತೀರ್ಥರು 1931ರಲ್ಲಿ ಹುಟ್ಟಿದ ಊರು. ನೂಜಿಬಾಳ್ತಿಲ, ನೆಲ್ಯಾಡಿಯ ಕಡೆ ಕೇರಳದಿಂದ ಬಂದು ಗುಡ್ಡೆ ಕಡಿದು ರಬ್ಬರ್ ಎಬ್ಬಿಸಿದ ಕ್ರೈಸ್ತ ಕುಟುಂಬಗಳಿವೆ. ಹೊಸ ತಾಲೂಕಿಗೆ ಹಳೆಯ ಕಥೆಗಳು ಸಾಕಷ್ಟಿವೆ.

ಕಡಬದಿಂದ ಉಪ್ಪಿನಂಗಡಿ ರಸ್ತೆಯಲ್ಲಿ ಹೊಸ್ಮಠದ ಸೇತುವೆ. ಗುಂಡ್ಯ ಹೊಳೆಯ ಮೇಲೆ ಮೊದಲು ಇದ್ದದ್ದು ಮುಳುಗು ಸೇತುವೆ. ಜೋರು ಮಳೆ ಬಂದರೆ ಹೊಳೆ ಅದರ ಮೇಲೇ ಹರಿಯುತ್ತಿತ್ತು, ಕಡಬ ಅರ್ಧ ದಿನ, ಒಂದು ದಿನ ಹೊರಗಿನ ಸಂಪರ್ಕವಿಲ್ಲದೆ ಉಳಿಯುತ್ತಿತ್ತು. ಈಗ ಎತ್ತರದ ಹೊಸ ಸೇತುವೆಯಾಗಿದೆ. ಬಸ್ಸಿಗೆ ಕಾಯುತ್ತ ರಸ್ತೆಬದಿಯ ಅಂಗಡಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರ ಬಳಿ ಹಳೆಯ ದಿನಗಳನ್ನು ಕೇಳಿದೆ.

"ಸಂಕ ಮುಳುಗಿದ್ರೆ ಈಚೆ ಬಸ್ಸು ಈಚೆ, ಆಚೆ ಬಸ್ಸು ಆಚೆ. ಆಸ್ಪತ್ರೆಗೆ ಹೋಗ್ಲಿಕ್ಕಿದ್ದವರು ಅಲ್ಲೇ ಕೂತ್ಕೊಳ್ಳುವುದು, ನೀರು ಇಳಿಯುವವರೆಗೆ," ಎಂದರು.

"ಸಂಕವೂ ಇಲ್ಲದ ಕಾಲದಲ್ಲಿ?"

"ದೋಣಿ. ಎಲ್ಲಾ ಕಡೆ ದೋಣಿಯೇ. ಅಲ್ಲಿ ಶಾಂತಿಮೊಗರಿನಲ್ಲಿ ಮೊನ್ನೆ ಮೊನ್ನೆವರೆಗೂ ಇತ್ತಲ್ಲ. ನಮ್ಮ ದೋಣಿಯವರಿಗೆ ದಿನಾ ದುಡ್ಡು ಕೊಡುವ ಕ್ರಮ ಇರ್ಲಿಲ್ಲ. ಕೊಯ್ಲಾದ ಮೇಲೆ ಒಂದೊಂದು ಮನೆಯವರು ಇಷ್ಟಿಷ್ಟು ಭತ್ತ ಅಂತ ಕೊಡುವುದು. ಶಾಲೆ ಮಕ್ಕಳಿಗೆ ಅದೂ ಇಲ್ಲ, ಸುಮ್ಮನೆ ದಾಟಿಸುವುದು. ನಾನು ಎಂಟನೇ ಕ್ಲಾಸ್ ಪಾಸಾದದ್ದು ಅವರಿಂದ."

ಆ ದೋಣಿಯವರ ಮನೆಯವರು ಈಗ ಎಲ್ಲಿದ್ದಾರೆ ಎಂದು ಕೇಳಿದೆ.

"ಮಗ ಮಂಗಳೂರಿಗೆ ಹೋದ. ಮೊಮ್ಮಗ ಇಲ್ಲೇ ಕಡಬ ಪೇಟೆಯಲ್ಲಿ ರಿಕ್ಷಾ ಇಟ್ಟಿದ್ದಾನೆ. ನಿಮಗೆ ಅವನ ಅಜ್ಜನ ವಿಷಯ ಬೇಕಾದ್ರೆ ಸಂಜೆ ಐದು ಗಂಟೆ ಮೇಲೆ ಸ್ಟ್ಯಾಂಡಿನಲ್ಲಿ ಸಿಗ್ತಾನೆ, ಮೊದಲು ಶಾಲೆ ಮಕ್ಕಳನ್ನು ಬಿಟ್ಟು ಬರ್ಲಿಕ್ಕುಂಟು ಅವನಿಗೆ," ಎಂದರು. ಉಪ್ಪಿನಂಗಡಿಯ ಬಸ್ಸನ್ನು ಬಿಟ್ಟು, ಕಡಬದ ಕಡೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಅವರನ್ನೇ ಕೇಳಿದೆ.